ನಾಲ್ಕು ಮಾಬ್ಲರ ಒಂದು ಪೆನ್ಶನ್ನು

ಮಾವಿನಕುರ್ವೆಯ ಆ ಕೇರಿಯಲ್ಲಿ ಪೆನ್ಶನ್ ಬರುತ್ತಿದ್ದದ್ದು ಒಬ್ಬರಿಗೇ, ಕೃಷ್ಣಾನಂದ ಮಾಸ್ತರಿಗೆ. ಮೂವತ್ತಾರು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಸಿ ನಿವೃತ್ತರಾದ ಅವರಿಗೆ ಚಾದಂಗಡಿಯಲ್ಲಿ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಮೀಸಲು. ಉಳಿದವರಿಗೆಲ್ಲ ಬೆಂಚು. ಮಾಸ್ತರು ಬಾರದ ದಿನವೂ ಆ ಕುರ್ಚಿಯ ಮೇಲೆ ಯಾರೂ ಕೂರುವುದಿಲ್ಲ, ಹೆಚ್ಚೆಂದರೆ ಅಂದಿನ ಪೇಪರು ಕೂರುತ್ತದೆ. ತಿಂಗಳಿಗೊಮ್ಮೆ ಅವರ ಮೊಬೈಲು ಟಿಣ್ ಎಂದಾಗ ಇಡೀ ಅಂಗಡಿ ಮಾತು ನಿಲ್ಲಿಸುತ್ತದೆ. ಮಾಸ್ತರು ಕನ್ನಡಕ ಏರಿಸಿ ನೋಡಿ, "ಹಾಂ, ಬಂತು" ಎಂದು ಮೊಬೈಲನ್ನು ಕಿಸೆಗೆ ಇಳಿಬಿಡುತ್ತಾರೆ. ಆ ಎರಡು ಶಬ್ದ ತನ್ನ ಬಾಯಲ್ಲಿ ಹೇಗೆ ಕೇಳಿಸಬಹುದು ಎಂದು ಮಾಬ್ಲ ಎಷ್ಟೋ ಸಲ ಹಿತ್ತಲಲ್ಲಿ ಒಬ್ಬನೇ ನಿಂತು ಹೇಳಿ ನೋಡಿದ್ದ.

ಮಾಬ್ಲನ ಆಸ್ತಿ ಎಂದರೆ ಒಂದು ಹಂಚಿನ ಮನೆ, ಲಕ್ಕಿ ಎಂಬ ಹೆಂಡತಿ ಮತ್ತು ಮಳೆ ಬರುವುದನ್ನು ಎರಡು ದಿನ ಮೊದಲೇ ತಿಳಿಸುವ ಬಲ ಮೊಣಕಾಲು. ಹೊನ್ನಾವರ ಬಂದರಿನ ಜಲರಾಣಿ ಐಸ್ ಫ್ಯಾಕ್ಟರಿಯಲ್ಲಿ ಅವನು ಕಾಯಂ ಕೆಲಸ ಮಾಡಿದ್ದ. 'ಮಾಡಿದ್ದ' ಎಂಬ ಮಾತನ್ನು ಸದ್ಯಕ್ಕೆ ಹಾಗೇ ಇಟ್ಟುಕೊಳ್ಳೋಣ, ಅದನ್ನು ಬಿಚ್ಚಿ ನೋಡುವ ಸಂದರ್ಭ ಬೇಗನೇ ಬರುತ್ತದೆ. ಮೂರು ವರ್ಷದ ಹಿಂದೆ ಮೊಣಕಾಲಿನ ನೆಪ ಹೇಳಿ ಬಿಟ್ಟು ಬಂದ ಮೇಲೆ ಆ ಫ್ಯಾಕ್ಟರಿಯನ್ನು ಅವನು ಮರೆತೇಬಿಟ್ಟಿದ್ದ.

ಫ್ಯಾಕ್ಟರಿ ಮಾತ್ರ ಅವನನ್ನು ಮರೆತಿರಲಿಲ್ಲ. ಎಪ್ರಿಲ್ ಮೊದಲ ವಾರದಲ್ಲಿ ಅವನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬಂತು. ಮಾಬ್ಲ ಅದನ್ನು ಮಾಸ್ತರಿಗೆ ತೋರಿಸಿದ.

"ಪಿ.ಎಫ್. ಕಚೇರಿಯದು," ಎಂದರು ಮಾಸ್ತರು. "ಜೂನ್ ಒಂದಕ್ಕೆ ನಿನಗೆ ಐವತ್ತೆಂಟು ತುಂಬುತ್ತದೆ. ಅರ್ಹತೆ ಇದ್ದರೆ ಪೆನ್ಶನ್ನಿಗೆ ಅರ್ಜಿ ಹಾಕಬಹುದು. ಈ ತಿಂಗಳು ಇಪ್ಪತ್ತೇಳಕ್ಕೆ ಕುಮಟಾದಲ್ಲಿ ಅವರ ಶಿಬಿರ ಇದೆ, ಅಲ್ಲಿಗೆ ಬಂದು ವಿಚಾರಿಸಿ ಅಂತ."

ಮನುಷ್ಯನ ಕಿವಿ ವಿಚಿತ್ರ. 'ಅರ್ಹತೆ ಇದ್ದರೆ' ಎಂಬುದು ಮಾಬ್ಲನ ಕಿವಿಯ ಹತ್ತಿರ ಬಂದು ಹಾಗೇ ಹಿಂದೆ ಹೋಯಿತು. 'ಪೆನ್ಶನ್' ಎಂಬುದು ಮಾತ್ರ ಒಳಗೆ ಹೊಕ್ಕು ಚಾಪೆ ಹಾಸಿ ಮಲಗಿತು. ಅವತ್ತು ಮಧ್ಯಾಹ್ನವೇ ಅವನು ಹೊನ್ನಾವರ ಪೇಟೆಗೆ ಹೋಗಿ, ಕೈಯಿರುವ ಒಂದು ಪ್ಲಾಸ್ಟಿಕ್ ಕುರ್ಚಿ ಕೊಂಡು, ತಲೆಯ ಮೇಲೆ ಇಟ್ಟುಕೊಂಡು ಬಂದ. ಮರುದಿನ ಬೆಳಿಗ್ಗೆ ಅದನ್ನು ಚಾದಂಗಡಿಗೆ ಒಯ್ದು ಮಾಸ್ತರ ಕುರ್ಚಿಯ ಪಕ್ಕಕ್ಕೆ ಒತ್ತಿ ಇಟ್ಟು ಕುಳಿತ. ಬೆಂಚಿನ ಮೇಲಿದ್ದ ಆರು ಜನ ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಎಂತ ಮಾಬ್ಲ, ಸೊಂಟ ಹಿಡ್ದದ್ಯಾ?" ಎಂದು ಅಂಗಡಿಯವನು ಕೇಳಿದ.

"ಇಲ್ಲಪ್ಪ. ಪೆನ್ಶನ್ ಆತು," ಎಂದ ಮಾಬ್ಲ, ಪೇಪರಿನ ಅರ್ಧ ಹಾಳೆಯನ್ನು ಮಾಸ್ತರ ಕೈಯಿಂದ ಮೆಲ್ಲನೆ ಎಳೆದುಕೊಳ್ಳುತ್ತ.

ಮಾಸ್ತರಿಗೆ ಸಿಟ್ಟು ಬಂದರೂ ಸಜ್ಜನರು. "ಸರ್ವಿಸ್ ಎಷ್ಟು ವರ್ಷ?" ಎಂದರು.

"ಲೆಕ್ಕ ಇಟ್ಟವ ಯಾರು ಮಾಸ್ತರ್ರೆ. ಒಂದು ಡಜನ್ ಮಳೆಗಾಲ ಕಳ್ದದೆ."

ಆ ಸುದ್ದಿ ಲಕ್ಕಿಯ ಬಾಯಿಂದ ಬಾವಿಕಟ್ಟೆಗೆ ಹೋಯಿತು. ಅಲ್ಲಿ ನೀರು ಸೇದುತ್ತಿದ್ದವಳು ಮೀನು ಮಾರುವ ದುರ್ಗಮ್ಮ. ದುರ್ಗಮ್ಮನ ದನಿ ಮಾರುಕಟ್ಟೆಯಲ್ಲಿ ಬಸ್ಸಿನ ಹಾರನ್ನನ್ನು ಮುಚ್ಚಿಹಾಕುತ್ತದೆ. ಆ ದುರ್ಗಮ್ಮ ಕೊಡ ಅರ್ಧಕ್ಕೇ ಬಿಟ್ಟು, ಹತ್ತಿರ ಬಂದು ಮೆಲ್ಲನೆ ಕೇಳಿದಳು.

"ಯಾವ ಕೆಲ್ಸದ ಪೆನ್ಶನ್ನೆ, ಲಕ್ಕಿ?"

"ಐಸ್ ಫ್ಯಾಕ್ಟರಿದು, ಇನ್ಯಾವ್ದು?"

"ಹಾಂಗಾದ್ರೆ ಅದ್ರಲ್ಲಿ ನಂದೂ ಹನ್ನೊಂದು ದಿನ ಅದೆ," ಎಂದಳು ದುರ್ಗಮ್ಮ.

ಈಗ ಆ 'ಮಾಡಿದ್ದ' ಎಂಬುದನ್ನು ಬಿಚ್ಚಲೇಬೇಕು. ಮಾಬ್ಲ ಹುಟ್ಟಿನಿಂದ ಕಡಲಿನವನು. ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಭಟ್ಕಳದ ಬೋಟುಗಳು ಹೊರಟವೆಂದರೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಂಗಡೆ ಬಿದ್ದರೆ ಬೋಟಿನಲ್ಲಿ ಒಂದು ವಾರಕ್ಕೆ ಸಿಗುವ ಪಾಲು ಐಸ್ ಫ್ಯಾಕ್ಟರಿಯ ತಿಂಗಳ ಸಂಬಳಕ್ಕಿಂತ ಜಾಸ್ತಿ. ಹಾಗೆಂದು ಕಾಯಂ ಕೆಲಸ ಬಿಡುವುದುಂಟೇ? ಆದ್ದರಿಂದ ಅವನು ಬೋಟು ಹತ್ತಿ, ಲಕ್ಕಿಯ ತಮ್ಮ ದಾಸನನ್ನು ಫ್ಯಾಕ್ಟರಿಗೆ ಕಳಿಸುತ್ತಿದ್ದ. ಹಾಜರಿ ಪುಸ್ತಕದಲ್ಲಿ ಮಾಬ್ಲ ಎಂಬ ಹೆಸರಿನ ಎದುರು ಒಂದು ಗೀಟು ಬಿದ್ದರಾಯಿತು. ತನ್ನನ್ನು ಹೊತ್ತವನ ಹೆಸರೇನು ಎಂದು ಐಸೇನೂ ಕೇಳುವುದಿಲ್ಲವಲ್ಲ. ದಾಸ ಹೆಂಡತಿಯ ಊರಿಗೆ ಹೋಗಬೇಕಾದಾಗ ಪಕ್ಕದ ಮನೆಯ ನಾಗುವನ್ನು ಕಳಿಸಿದ. ನಾಗುವಿನ ಕಾಲಿಗೆ ಏಡಿ ಕಚ್ಚಿ ಬಾತಾಗ ದುರ್ಗಮ್ಮ ಸೀರೆ ಎತ್ತಿ ಕಟ್ಟಿ ಹೋಗಿ, ಹನ್ನೊಂದು ದಿನ ಇಬ್ಬರು ಗಂಡಸರಷ್ಟು ಪುಡಿ ಐಸು ಹೊತ್ತಳು. ಹೀಗೆ ಜಲರಾಣಿ ಐಸ್ ಫ್ಯಾಕ್ಟರಿಯಲ್ಲಿ ಮಾಬ್ಲ ಎಂಬುದು ಒಬ್ಬನ ಹೆಸರಾಗಿ ಉಳಿಯದೆ ಕ್ರಮೇಣ ಒಂದು ಹುದ್ದೆಯೇ ಆಗಿಬಿಟ್ಟಿತು. ಕೈಗೆ ಬಂದ ಸಂಬಳ ಹೊತ್ತವರಿಗೇ ಹೋಗುತ್ತಿತ್ತು, ಅದರಲ್ಲಿ ಮೋಸವಿಲ್ಲ. ಕೈಗೆ ಬರುವ ಮೊದಲೇ ಕಡಿದುಹೋಗುತ್ತಿದ್ದ ಪಿ.ಎಫ್. ಎಂಬುದರ ಕಡೆಗೆ ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ. ಅದು ಸದ್ದಿಲ್ಲದೆ ತಿಂಗಳು ತಿಂಗಳೂ ಮಾಬ್ಲನ ಲೆಕ್ಕಕ್ಕೆ ಹೋಗಿ ಬೀಳುತ್ತಿತ್ತು.

ಆ ಸಂಜೆ ಹಳೆಯ ಮಾಬ್ಲರೆಲ್ಲ ಹೊಸ ಪೆನ್ಶನ್‌ದಾರನ ಜಗಲಿಯಲ್ಲಿ ಸೇರಿದರು. ದಾಸ ಮೊದಲು ಬಂದ. ನಲವತ್ತಾರರ ಆಳು, ಹೆಗಲು ಅಗಲ, ಮಾತು ಕಡಿಮೆ.

"ಭಾವ, ಪೆನ್ಶನ್ ಬತ್ತದಂತೆ."

"ನಿಂಗೆ ಯಾರು ಹೇಳ್ದರು?"

"ಬಸ್ಸಲ್ಲಿ ಕಂಡಕ್ಟರ್ ಹೇಳ್ದ. ಹನ್ನೊಂದು ವರ್ಷದಲ್ಲಿ ಏಳು ವರ್ಷ ಹೊತ್ತವ ನಾ. ಬೋಟಲ್ಲಿ ಹ್ಯಾಂಗೆ ಮಾಡ್ತಾರೋ ಹಾಂಗೇ ಪಾಲು ಮಾಡುವ. ಹೆಚ್ಚು ಬೇಡ, ಕಮ್ಮಿಯೂ ಬೇಡ."

ಇದನ್ನು ಸ್ವಲ್ಪ ವಿವರಿಸಬೇಕು. ಬೋಟು ದಡಕ್ಕೆ ಬಂದು ಮೀನು ಹರಾಜಾದ ಮೇಲೆ ಮೊದಲು ಡೀಸೆಲ್ ಖರ್ಚು ತೆಗೆಯುತ್ತಾರೆ. ಆಮೇಲೆ ಬೋಟಿಗೊಂದು ಪಾಲು, ಬಲೆಗೊಂದು ಪಾಲು. ಉಳಿದದ್ದು ಆಳುಗಳಿಗೆ. ಕಡಲ ಕರೆಯಲ್ಲಿ ಇದಕ್ಕಿಂತ ದೊಡ್ಡ ಕಾಯ್ದೆ ಇಲ್ಲ. ಸರಕಾರದ ಪೆನ್ಶನ್ನೂ ಈ ಕಾಯ್ದೆಗೆ ಹೊರತಲ್ಲ ಎಂಬುದರಲ್ಲಿ ಜಗಲಿಯಲ್ಲಿದ್ದ ಯಾರಿಗೂ ಸಂಶಯ ಬರಲಿಲ್ಲ, ಮಾಬ್ಲನಿಗೂ.

"ಹೆಸರು ನಂದು," ಎಂದ ಮಾಬ್ಲ. "ನನ್ನ ಹೆಸರಿನ ಮೇಲೇ ನೀವೆಲ್ಲ ಹೋಗಿ ಬಂದದ್ದು. ಹಾಂಗಾದ್ರೆ ಬೋಟು ನಾನೇ. ಬೋಟಿನ ಪಾಲು ನಂದು."

"ಅಡ್ಡಿಲ್ಲ," ಎಂದ ದಾಸ.

"ಬಲೆ ಯಾವ್ದು?" ಎಂದು ನಾಗು ಕೇಳಿದ.

ಎಲ್ಲರೂ ಯೋಚನೆಗೆ ಬಿದ್ದರು. ಐಸ್ ಫ್ಯಾಕ್ಟರಿಯಲ್ಲಿ ಬಲೆ ಎಲ್ಲಿಂದ ತರುವುದು? ಅರ್ಧ ತಾಸು ಚರ್ಚೆಯಾಯಿತು. ಕೊನೆಗೆ ದುರ್ಗಮ್ಮ, ಬುಟ್ಟಿ ಹೊರುವಾಗ ತಲೆಯ ಮೇಲೆ ಇಡುವ ಸಿಂಬೆಯ ಮಾತು ತೆಗೆದಳು.

"ಸಿಂಬೆ ನಂದು. ನೀವು ಮೂರೂ ಜನ ನನ್ನ ಸಿಂಬೆ ಇಟ್ಕಂಡೇ ಹೊತ್ತದ್ದು. ಇಲ್ದಿದ್ರೆ ನಿಮ್ಮ ತಲೆ ಇಷ್ಟೊತ್ತಿಗೆ ತೆಂಗಿನಕಾಯಿ ಒಡ್ದಾಂಗೆ ಒಡ್ದು ಹೋಗ್ತಿತ್ತು. ಬಲೆ ಪಾಲು ನಂಗೆ."

ಒಳಗಿನಿಂದ ಲಕ್ಕಿ ಬಾಗಿಲಿಗೆ ಬಂದಳು. "ಡೀಸೆಲ್ ಖರ್ಚು ಮೊದ್ಲು ತೆಗೀಬೇಕಲ್ವಾ? ಹನ್ನೊಂದು ವರ್ಷ ಎಲ್ರಿಗೂ ಬುತ್ತಿ ಕಟ್ಟಿದ್ದು ಯಾರು? ಬುತ್ತಿ ಇಲ್ದೆ ಹೋಗಿದ್ರೆ ಯಾವ ಮಾಬ್ಲ ನಡೀತಿದ್ದ?"

ಹೀಗೆ ಡೀಸೆಲ್ಲು ಹೆಂಡತಿಗೆ, ಬಲೆ ದುರ್ಗಮ್ಮನಿಗೆ, ಆಳಿನ ಪಾಲು ದಾಸನಿಗೂ ನಾಗುವಿಗೂ ಹೋಗಿ, ಪೆನ್ಶನ್ನು ಬರುವ ಮೊದಲೇ ಮಾಬ್ಲನಿಗೆ ಉಳಿದದ್ದು ಬೋಟು ಮಾತ್ರ. ಅದೂ ಮೊಣಕಾಲು ಕೆಟ್ಟ ಬೋಟು.

ಸುದ್ದಿ ಕೇಳಿದ ಕೃಷ್ಣಾನಂದ ಮಾಸ್ತರು ಬೆವರಿದರು. "ಏನು ಮಾಡಿಟ್ಟಿದ್ದೀರಿ ನೀವೆಲ್ಲ?" ಎಂದರು. "ಒಬ್ಬನ ಹೆಸರಲ್ಲಿ ನಾಲ್ಕು ಜನ ದುಡಿದದ್ದು ಶಿಬಿರದಲ್ಲಿ ಗೊತ್ತಾದರೆ ಪೆನ್ಶನ್ ಮಾತ್ರ ಅಲ್ಲ, ನನ್ನ ಪಕ್ಕದ ಕುರ್ಚಿಯೂ ಹೋಗುತ್ತದೆ. ಮಾಬ್ಲ, ನೀನೊಬ್ಬನೇ ಹೋಗು. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು."

ಮಾಬ್ಲ ಎಲ್ಲರ ಕೈಕಾಲು ಹಿಡಿದ. ಎಲ್ಲರೂ ಆತು ಆತು ಎಂದರು. ಇಪ್ಪತ್ತೇಳನೆಯ ತಾರೀಕು ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊನ್ನಾವರ ಸ್ಟ್ಯಾಂಡಿನಲ್ಲಿ ಕುಮಟಾ ಬಸ್ಸು ಹತ್ತಿದರೆ, ಹಿಂದಿನ ಸೀಟಿನಲ್ಲಿ ಮೂರೂ ಜನ ಸಾಲಾಗಿ ಕುಳಿತಿದ್ದರು. ಮೀನು ಹರಾಜಾಗುವಾಗ ಪಾಲಿನವರು ದಡದಲ್ಲಿ ಇಲ್ಲದೆ ಹೋದ ಉದಾಹರಣೆ ಈ ಕಡೆ ಇಲ್ಲ.

"ನಂಗೆ ಹೆಂಗೂ ಬಸ್ಸು ಫ್ರೀ," ಎಂದಳು ದುರ್ಗಮ್ಮ, ಕಿಟಕಿ ತೆಗೆಯುತ್ತ.

ಶಿಬಿರದಲ್ಲಿ ಕಂಪ್ಯೂಟರ್ ಎದುರು ಕುಳಿತಿದ್ದ ಅಧಿಕಾರಿ ದಿವ್ಯಶ್ರೀ ಎಂಬ ಚಿಕ್ಕ ಪ್ರಾಯದ ಮೇಡಂ. ಮುಖದಲ್ಲಿ ನಗು, ಮಾತಿನಲ್ಲಿ ಮರ್ಯಾದೆ. ಮಾಬ್ಲನಿಗೆ ಇದೇ ಹೆದರಿಕೆ. ಗದರಿಸುವ ಸಾಹೇಬರ ಎದುರು ಸುಳ್ಳು ಹೇಳುವುದು ಸುಲಭ, ನಗುವವರ ಎದುರು ನಾಲಿಗೆ ತೊಡರುತ್ತದೆ.

"ಫ್ಯಾಕ್ಟರಿಯಲ್ಲಿ ಏನು ಕೆಲಸ ಮಾಡ್ತಿದ್ರಿ ಯಜಮಾನ್ರೆ?"

"ಐಸು," ಎಂದ ಮಾಬ್ಲ.

"ಐಸಿನಲ್ಲಿ ಏನು?"

ಮಾಬ್ಲ ಮೇಲೆ ಫ್ಯಾನು ನೋಡಿದ. ಹಿಂದಿನಿಂದ ದಾಸ, "ಕ್ಯಾನಿಂದ ಐಸ್ ಇಳ್ಸುದು, ಕ್ರಶರಿಗೆ ಹಾಕುದು, ಪುಡಿ ಹೊತ್ತು ಬೋಟಿಗೆ ತುಂಬುದು ಮೇಡಂ," ಎಂದ.

"ಪಾಳಿ ಎಷ್ಟು ಗಂಟೆಗೆ ಶುರು ಆಗ್ತಿತ್ತು?"

"ಬೆಳಿಗ್ಗೆ," ಎಂದ ಮಾಬ್ಲ ಜಾಣತನದಿಂದ.

"ನಾಲ್ಕೂವರೆಗೆ," ಎಂದ ನಾಗು. "ಕಂಪ್ರೆಸರ್ ಕೈ ಕೊಟ್ರೆ ಐದಕ್ಕೆ."

"ಉಪ್ಪುನೀರಿನ ಟ್ಯಾಂಕಿನ ಹತ್ರ ಜಾರ್ತದೆ ಮೇಡಂ, ಪಾಪ, ಇವ್ರು ಅಲ್ಲಿ ಎರಡು ಸಲ ಬಿದ್ದಾರೆ," ಎಂದಳು ದುರ್ಗಮ್ಮ. ಬಿದ್ದವಳು ಅವಳೇ. ಹೇಳುವಾಗ ಅಭ್ಯಾಸಬಲದಿಂದ ತನ್ನ ಸೊಂಟವನ್ನೇ ಮುಟ್ಟಿಕೊಂಡಳು.

ದಿವ್ಯಶ್ರೀ ಮೇಡಂ ಪೆನ್ನು ಕೆಳಗಿಟ್ಟರು. ಅವರ ಕಣ್ಣು ಸ್ವಲ್ಪ ತೇವವಾದಂತೆ ಕಂಡಿತು. ಸಾಲಿನಲ್ಲಿ ನಿಂತಿದ್ದವರ ಕಡೆ ತಿರುಗಿ, "ನೋಡಿ, ಸಹೋದ್ಯೋಗಿಗಳು ಅಂದ್ರೆ ಹೀಗಿರಬೇಕು," ಎಂದರು. "ಇವರು ಮರೆತದ್ದನ್ನೂ ಅವರು ನೆನಪಿಟ್ಟುಕೊಂಡಿದ್ದಾರೆ. ಇವರು ಬಿದ್ದರೆ ಅವರ ಸೊಂಟ ನೋಯ್ತದೆ."

ಸಾಲಿನವರು ಚಪ್ಪಾಳೆ ತಟ್ಟಿದರು. ಮಾಬ್ಲ ಎದ್ದು ಕೈ ಮುಗಿದ. ನೋಡಿದವರಿಗೆ ಅದು ವಿನಯದಂತೆ ಕಂಡಿತು, ಆದರೆ ಅವನು ಮುಗಿದದ್ದು, ಇನ್ನು ಸಾಕು ಎಂದು, ಮೂರು ಜನರ ಬಾಯಿಗೆ.

ಆಮೇಲೆ ಮೇಡಂ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು. "ಒಂದು ತೊಂದರೆ ಉಂಟು. ಪೆನ್ಶನ್ನಿಗೆ ಹತ್ತು ವರ್ಷದ ಸರ್ವಿಸ್ ಬೇಕು. ಒಂಬತ್ತೂವರೆ ಆದ್ರೂ ಹತ್ತು ಅಂತಲೇ ಹಿಡೀತೇವೆ. ನಿಮ್ಮದು ಒಂಬತ್ತು ವರ್ಷ ಐದು ತಿಂಗಳು."

"ಹನ್ನೊಂದು ವರ್ಷದ ಮೇಲೆ ಹೋಗಿ ಬಂದದ್ದು ಮೇಡಂ."

"ಮಳೆಗಾಲದ ಎರಡು ತಿಂಗಳು ಫ್ಯಾಕ್ಟರಿ ಬಂದ್ ಅಲ್ವಾ? ಸಂಬಳ ಇಲ್ಲದ ತಿಂಗಳಿಗೆ ಪಿ.ಎಫ್. ಕಟ್ಟುವುದಿಲ್ಲ, ಸರ್ವಿಸೂ ಸೇರುವುದಿಲ್ಲ. ಅದು ಬಿಟ್ಟು ಇಲ್ಲೊಂದು ತಿಂಗಳು ಪೂರ್ತಿ ಖಾಲಿ ಇದೆ. 2019ರ ಫೆಬ್ರವರಿ. ಆ ತಿಂಗಳು ಎಲ್ಲಿ ಹೋಗಿದ್ರಿ?"

ಮಾಬ್ಲ ಹಿಂದಕ್ಕೆ ತಿರುಗಿದ. ಆ ತಿಂಗಳು ಅವನು ಬೋಟಿನಲ್ಲಿದ್ದ. ದಾಸನಿಗೆ ಮೈತುಂಬ ಸೀತಾಳೆ ಸಿಡುಬೆದ್ದಿತ್ತು. ನಾಗು ಹೋಗುತ್ತಾನೆಂದು ದುರ್ಗಮ್ಮ ಮನೆಯಲ್ಲೇ ಉಳಿದಳು, ದುರ್ಗಮ್ಮ ಹೋಗುತ್ತಾಳೆಂದು ನಾಗು ಉಳಿದ. ಮೂರು ಜೊತೆ ಕಣ್ಣುಗಳು ಒಂದನ್ನೊಂದು ತಿವಿದವು.

"ಆ ತಿಂಗಳು ನೀ ಹೋಗ್ತೆ ಹೇಳಿರ್ಲಿಲ್ವಾ?" ಎಂದ ನಾಗು.

"ನಿನ್ನ ಕಾಲು ಸರಿಯಾದ ಮೇಲೆ ನಾ ಎಂತಕ್ಕೆ ಹೋಗುದು?" ಎಂದಳು ದುರ್ಗಮ್ಮ.

"ಇವರು ಹೋಗದಿದ್ದರೆ ನೀವು ಕರೆಯಲಿಕ್ಕೆ ಹೋಗ್ತಿದ್ರಾ?" ಎಂದರು ಮೇಡಂ, ಇನ್ನಷ್ಟು ಕರಗಿ. "ಎಂಥ ಪ್ರೀತಿ." ಆಮೇಲೆ ದಾಸನ ಕಡೆ ನೋಡಿದರು. "ನಿಮಗೆ ಎಲ್ಲಾ ಕೆಲಸ ಬಾಯಿಪಾಠ ಇದೆ. ನೀವೂ ತುಂಬ ವರ್ಷ ಅಲ್ಲೇ ಇದ್ದವರಲ್ವಾ? ಬಂದದ್ದು ಬಂದಿರಿ, ನಿಮ್ಮದೂ ನೋಡಿಬಿಡುವ. ಆಧಾರ್ ಕೊಡಿ."

ದಾಸ ಕಿಸೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಮೇಡಂ ನಂಬರು ಒತ್ತಿದರು. ಮತ್ತೊಮ್ಮೆ ಒತ್ತಿದರು.

"ನಿಮ್ಮ ಹೆಸರಲ್ಲಿ ಏನೂ ತೋರಿಸ್ತಾ ಇಲ್ಲ."

"ಸ್ವಲ್ಪ ಕೆಳಗೆ ನೋಡಿ ಮೇಡಂ," ಎಂದ ದಾಸ.

"ಕೆಳಗೂ ಇಲ್ಲ. ಒಂದು ದಿನ ಕೂಡ ಇಲ್ಲ. ನೀವು ಎಲ್ಲೂ ಕೆಲಸವೇ ಮಾಡಿಲ್ಲ ಅಂತ ಇದೆ."

ದಾಸ ನಕ್ಕ. "ಹೌದೌದು ಮೇಡಂ, ನಾ ಸುಮ್ನೆ ತಿರುಗಾಡ್ಕಂಡು ಇದ್ದವ," ಎಂದು ಆಧಾರನ್ನು ಮತ್ತೆ ಚೀಲದಲ್ಲಿ ಸುತ್ತತೊಡಗಿದ. ಸುತ್ತುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಅವನ ಅಂಗೈಯ ದಡ್ಡುಗಳನ್ನು ಮಾಬ್ಲ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವನಿಗೆ ತುಂಬ ಕೆಟ್ಟದೆನಿಸಿತು.

ಮೇಡಂ ಮಾಬ್ಲನಿಗೆ ದಾರಿ ಹೇಳಿದರು. ಐವತ್ತೆಂಟು ತುಂಬುವ ತನಕ ಪೆನ್ಶನ್ನಿಗೆ ಕಟ್ಟಲು ಅವಕಾಶವಿದೆ. ಮೇ ತಿಂಗಳು ಪೂರ್ತಿ ಮತ್ತೆ ಫ್ಯಾಕ್ಟರಿಗೆ ಹೋದರೆ ಒಂಬತ್ತೂವರೆ ಆಗುತ್ತದೆ, ತಿಂಗಳಿಗೆ ಸಾವಿರದ ಆರುನೂರು ಚಿಲ್ಲರೆ ಬರುತ್ತದೆ. ತಪ್ಪಿದರೆ ಆ ಪೆನ್ಶನ್ ಇನ್ನು ಯಾವತ್ತೂ ಇಲ್ಲ, ಕಟ್ಟಿದ ದುಡ್ಡು ಅಷ್ಟೋ ಇಷ್ಟೋ ವಾಪಸು. ಜೂನ್ ಒಂದರ ಆಚೆ ಒಂದು ದಿನವೂ ನಡೆಯುವುದಿಲ್ಲ. ಮಾಬ್ಲನ ಅವ್ವ ಹೇಳುವ ಪ್ರಕಾರ ಅವನು ಹುಟ್ಟಿದ್ದು ಗಣೇಶ ಚೌತಿಯ ಮರುದಿನ. ಆದರೆ ಅವನನ್ನು ಶಾಲೆಗೆ ಸೇರಿಸಿಕೊಂಡ ಹೆಡ್ಮಾಸ್ತರು ಆ ವರ್ಷ ಬಂದ ಇಪ್ಪತ್ತೆಂಟು ಮಕ್ಕಳನ್ನೂ ಜೂನ್ ಒಂದಕ್ಕೇ ಹುಟ್ಟಿಸಿದ್ದರು. ಸತ್ತು ಸ್ವರ್ಗ ಸೇರಿದ ಆ ಪುಣ್ಯಾತ್ಮರಿಗೆ ಮಾಬ್ಲ ಕುಮಟಾ ಸ್ಟ್ಯಾಂಡಿನಲ್ಲಿ ನಿಂತು ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ.

"ಸಾವಿರದ ಆರುನೂರಾ?" ಎಂದಳು ದುರ್ಗಮ್ಮ ಬಸ್ಸಿನಲ್ಲಿ. "ಬಲೆ ಪಾಲು ನಿಮ್ಗೇ ಇರ್ಲಿ ಮಾರಾಯ್ರೆ. ನಾ ಒಂದು ಬುಟ್ಟಿ ಬೆಳಂಜಿ ಮೀನು ಮಾರಿದ್ರೆ ಅಷ್ಟಾಗ್ತದೆ."

ದಾಸ ಪಾಲಿನ ಮಾತೇ ಎತ್ತಲಿಲ್ಲ. ಹೊನ್ನಾವರ ಬರುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನು ಜಗಳ ಮಾಡಿದ್ದರೆ ಮಾಬ್ಲನಿಗೆ ಅಡ್ಡಿ ಇರಲಿಲ್ಲ.

ಮೇ ಒಂದನೆಯ ತಾರೀಕು ಬೆಳಿಗ್ಗೆ ನಾಲ್ಕಕ್ಕೆ ಮಾಬ್ಲ ಜಲರಾಣಿ ಐಸ್ ಫ್ಯಾಕ್ಟರಿಯ ಗೇಟಿನಲ್ಲಿ ನಿಂತ. ಕೆಲಸ ನೆನಪು ಮಾಡಿಕೊಡಲು ದಾಸನೂ ಜೊತೆಗೆ ಬಂದಿದ್ದ. ಯಾರೂ ಕರೆದಿರಲಿಲ್ಲ, ಆದರೂ ಬಂದಿದ್ದ. ಅಲ್ಲಿಯ ಸೂಪರ್‌ವೈಸರ್ ಭಾಸ್ಕರ ಏಳು ವರ್ಷದಿಂದ ಆ ಕುರ್ಚಿಯಲ್ಲಿದ್ದವನು. ಮಾಬ್ಲನನ್ನು ಮೇಲಿಂದ ಕೆಳಗೆ ನೋಡಿದ.

"ಯಾರು?"

"ಮಾಬ್ಲ. ಮೊದ್ಲು ಇಲ್ಲೇ ಇದ್ದವ. ಒಂದು ತಿಂಗಳು ಮತ್ತೆ ಸೇರುದು ಅದೆ."

"ನೀ ಮಾಬ್ಲನಾ?" ಭಾಸ್ಕರ ನಕ್ಕುಬಿಟ್ಟ. "ಮಾಬ್ಲನ್ನ ನಾ ಕಾಣೆನಾ? ನಾಲ್ಕು ವರ್ಷ ನನ್ನ ಕೈಕೆಳಗೆ ದುಡ್ದಾನೆ." ದಾಸನ ಹೆಗಲ ಮೇಲೆ ಕೈ ಹಾಕಿದ. "ಮಾಬ್ಲ ಅಂದ್ರೆ ಇಂವ. ಚಿನ್ನದಂಥ ಆಳು. ಎಂತ ಮಾಬ್ಲ, ಇಂವ ಯಾರು?"

"ಇವ್ರೇ ಮಾಬ್ಲ," ಎಂದ ದಾಸ. "ನಾ ದಾಸ."

"ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡಬೇಡ ಮಾಬ್ಲ," ಎಂದ ಭಾಸ್ಕರ.

ಮಾಬ್ಲ ಬೆವರಿದ. ಐವತ್ತೆಂಟು ವರ್ಷ ಮಾಬ್ಲನಾಗಿ ಬಾಳಿದವನು ತಾನು ಮಾಬ್ಲನೆಂದು ಸಾಬೀತು ಮಾಡುವುದು ಹೇಗೆ? ಅದೃಷ್ಟಕ್ಕೆ ಫ್ಯಾಕ್ಟರಿಯಲ್ಲಿ ಹಾಜರಿ ಪುಸ್ತಕ ಹೋಗಿ, ಮುಖ ನೋಡಿ ಹಾಜರಿ ಹಾಕುವ ಯಂತ್ರ ಗೋಡೆಗೆ ಬಂದಿತ್ತು. ಆಧಾರ್ ಕೊಟ್ಟು ಅದರ ಎದುರು ನಿಂತದ್ದೇ ಯಂತ್ರ ಹಸಿರಾಗಿ, ಇವನು ಆಧಾರಿನ ಮಹಾಬಲೇಶ್ವರ, ಅಂದರೆ ಮಾಬ್ಲನೇ ಹೌದೆಂದು ಒಪ್ಪಿತು. ಭಾಸ್ಕರ ಒಪ್ಪಲಿಲ್ಲ. ಈ ಭಾವ ಮೈದುನರು ಯಾವುದೋ ಸಾಲದ ಗಲಾಟೆಗೆ ಹೆಸರು ಅದಲುಬದಲು ಮಾಡಿಕೊಂಡಿದ್ದಾರೆ, ಯಂತ್ರವನ್ನೂ ಮರುಳು ಮಾಡಿದ್ದಾರೆ ಎಂದು ತೀರ್ಮಾನಿಸಿದ. ಆ ತಿಂಗಳು ಪೂರ್ತಿ ಅವನು ಮಾಬ್ಲನನ್ನು 'ದಾಸ' ಎಂದೇ ಕರೆದ.

"ದಾಸ, ಆ ಕೊಕ್ಕೆ ಹಿಡಿ. ಕೊಕ್ಕೆ ಹೀಂಗೆ ಹಿಡೀತಾರಾ? ಮಾಬ್ಲನ್ನ ನೋಡಿ ಕಲಿ."

ಆ ಮೂವತ್ತೊಂದು ದಿನದ ಸಂಗತಿಯನ್ನು ಚುಟುಕಾಗಿ ಹೇಳುವುದು ಮಾಬ್ಲನ ಮಾನಕ್ಕೆ ಒಳ್ಳೆಯದು. ಮೊದಲ ದಿನ ಐಸಿನ ದಿಮ್ಮಿ ಅವನನ್ನು ಎಳೆದುಕೊಂಡು ಹೋಗಿ ಬೋಟಿನ ಪಕ್ಕ ನಿಲ್ಲಿಸಿತು. ನಾಲ್ಕನೆಯ ದಿನ ಟ್ಯಾಂಕಿನ ಹತ್ತಿರ ಜಾರಿ ಬಿದ್ದ. ಮೇಡಂಗೆ ಹೇಳಿದ ಮಾತಿನಲ್ಲಿ ಅರ್ಧ ನಿಜವಾಯಿತು ಎಂದು ಸಮಾಧಾನಪಟ್ಟುಕೊಂಡ. ಹತ್ತನೆಯ ದಿನ ಕೆಲಸ ಬಿಡುತ್ತೇನೆಂದು ಅತ್ತ. ದಾಸ ದಿನವೂ ಗೇಟಿನ ಹೊರಗೆ ಕುಳಿತು, ಸೊಂಟ ಎಷ್ಟು ಬಗ್ಗಿಸಬೇಕು, ಉಸಿರು ಯಾವಾಗ ಬಿಡಬೇಕು ಎಂದು ಬೇಲಿಯ ಆಚೆಯಿಂದಲೇ ಹೇಳಿಕೊಡುತ್ತಿದ್ದ. ಯಾರ ಬುಟ್ಟಿಯನ್ನೂ ಈ ಸಲ ಅವನು ಮುಟ್ಟಲಿಲ್ಲ. ಯಂತ್ರ ಸುಳ್ಳು ಒಪ್ಪುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಇಪ್ಪತ್ತನೆಯ ದಿನ ಉರಿಯುವ ಹೆಗಲು ಹಿಡಿದು ಕುಳಿತಿದ್ದಾಗ ಮಾಬ್ಲ ಕೇಳಿದ, "ಏಳು ವರ್ಷ ಇದನ್ನ ಹ್ಯಾಂಗೆ ಮಾಡ್ದೆ ಮಾರಾಯ?"

"ಅಭ್ಯಾಸ ಆಗ್ತದೆ ಭಾವ," ಎಂದ ದಾಸ.

ಮೇ ಮೂವತ್ತೊಂದಕ್ಕೆ ಯಂತ್ರ ಮಾಬ್ಲನನ್ನು ಕೊನೆಯ ಸಲ ನೋಡಿತು. ಅವನು ನೇರ ಭಾಸ್ಕರನ ಎದುರು ಹೋಗಿ ನಿಂತ. "ಆಗಸ್ಟಿಗೆ ಆಳು ಬೇಕಲ್ವಾ? ಇಂವನ್ನ ತಗಳಿ. ಕಾಯಂ. ಪಿ.ಎಫ್. ಹಿಡ್ದು. ಹೆಸರು ದಾಸ ಅಂತ ಬರೀರಿ, ಇಂವನ ಆಧಾರಲ್ಲಿ ಇದ್ದಾಂಗೆ."

"ದಾಸ ನೀನಲ್ವಾ?" ಎಂದ ಭಾಸ್ಕರ.

"ಎಂತ ಬೇಕಾರೂ ತಿಳ್ಕಳಿ. ಬರೆಯುದು ಮಾತ್ರ ಸರಿಯಾಗಿ ಬರೀರಿ."

ಕೃಷ್ಣಾನಂದ ಮಾಸ್ತರು ಚಾದಂಗಡಿಯ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. ದಾಸನಿಗೆ ಐವತ್ತೆಂಟಾಗಲು ಹನ್ನೆರಡು ವರ್ಷ. ಮಳೆಗಾಲ ಕಳೆದರೆ ವರ್ಷಕ್ಕೆ ಹತ್ತೇ ತಿಂಗಳು. ಎಲ್ಲ ಕೂಡಿದರೆ ಸರಿಯಾಗಿ ಹತ್ತು ವರ್ಷ. "ತಪ್ಪಿಸಿದರೆ ಒಟ್ಟು ಆರು ತಿಂಗಳು ತಪ್ಪಿಸಬಹುದು, ಅದಕ್ಕಿಂತ ಹೆಚ್ಚು ಇಲ್ಲ," ಎಂದರು. ಮಾಬ್ಲ ಆ ಅಂಚನ್ನು ಹರಿದುಕೊಂಡು ಕಿಸೆಯಲ್ಲಿ ಇಟ್ಟುಕೊಂಡ.

ಮಾಬ್ಲನ ಪೆನ್ಶನ್ನು ಸೆಪ್ಟೆಂಬರಿನಲ್ಲಿ ಶುರುವಾಯಿತು. ಮೊಬೈಲು ಟಿಣ್ ಎಂದಾಗ ಇಡೀ ಬೆಂಚು ಅವನ ಬಾಯಿ ನೋಡಿತು. ಅಷ್ಟು ವರ್ಷ ಅಭ್ಯಾಸ ಮಾಡಿದ 'ಹಾಂ, ಬಂತು' ಎಂಬುದನ್ನು ಅಲ್ಲೇ ಬಿಟ್ಟು, ಅವನು ಕುರ್ಚಿಯಿಂದ ಎದ್ದು ಬ್ಯಾಂಕಿಗೆ ನಡೆದ. ಆ ದುಡ್ಡು ತೆಗೆದುಕೊಂಡು ದಾಸನ ಮನೆಗೆ ಹೋದರೆ, ಅವನು ಬೇಡ ಭಾವ ಎಂದು ಒಂದು ಚಹಾ ಕುಡಿಸಿ ಕಳಿಸಿದ.

ಅಕ್ಟೋಬರಿನ ಒಂದು ಬೆಳಿಗ್ಗೆ, ದಾಸನಿಗೆ ಚಳಿಜ್ವರ, ಇವತ್ತು ಕೆಲಸಕ್ಕೆ ಹೋಗುವುದಿಲ್ಲವಂತೆ ಎಂದು ಲಕ್ಕಿ ಹೇಳಿದಳು. ಮಾಬ್ಲ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟ. ಫ್ಯಾಕ್ಟರಿಗೆ ಹೋಗಿ, ದಾಸನ ನಂಬರು ಒತ್ತಿ, ಯಂತ್ರದ ಎದುರು ಮುಖ ಹಿಡಿದ. ಯಂತ್ರ ಕೆಂಪಾಯಿತು. ಕೂದಲು ಬಾಚಿಕೊಂಡು ನಿಂತ. ಮತ್ತೂ ಕೆಂಪಾಯಿತು.

"ಆ ಯಂತ್ರಕ್ಕೆ ಕಣ್ಣು ಸಮ ಇಲ್ಲ," ಎಂದ ಭಾಸ್ಕರ. "ಇಂವ ದಾಸನೇ. ಮೇ ತಿಂಗಳಿಡೀ ನನ್ನೆದ್ರು ದುಡ್ದಾನೆ. ನಾ ಬೇಕಾದ್ರೆ ಬರ್ದು ಕೊಡ್ತೆ."

"ನೀವು ಸುಮ್ನಿರಿ," ಎಂದ ಮಾಬ್ಲ. ರಿಕ್ಷಾ ಹಿಡಿದು ದಾಸನ ಮನೆಗೆ ಹೋದ. ಕಂಬಳಿ ಸುತ್ತಿ ಮಲಗಿದ್ದವನನ್ನು ಕಂಬಳಿ ಸಮೇತ ಎತ್ತಿ ರಿಕ್ಷಾದಲ್ಲಿ ಕೂರಿಸಿದ. ದಾಸನ ಹಲ್ಲು ಕಟಕಟ ಎನ್ನುತ್ತಿತ್ತು.

"ಭಾವ, ಒಂದು ದಿನ ಬಿಟ್ರೆ ಎಂತ ಆಗುದಿಲ್ಲ. ಮಾಸ್ತರು ಆರು ತಿಂಗಳು ಅದೆ ಹೇಳಿದ್ರಲ್ಲ."

"ಏಳು ವರ್ಷ ಬಿಟ್ಟದ್ದು ಸಾಕು," ಎಂದ ಮಾಬ್ಲ.

ಫ್ಯಾಕ್ಟರಿಯಲ್ಲಿ ದಾಸನನ್ನು ಎರಡೂ ಕಂಕುಳಲ್ಲಿ ಹಿಡಿದು ಯಂತ್ರದ ಎದುರು ನಿಲ್ಲಿಸಿದ. ಯಂತ್ರ ಹಸಿರಾಯಿತು. ಗೋಡೆಯ ಪಕ್ಕ ಬಿಸಿಲು ಬೀಳುವ ಜಾಗದಲ್ಲಿ ಗೋಣಿ ಹಾಸಿ ದಾಸನನ್ನು ಮಲಗಿಸಿ, ಅವನ ಮನೆಯಿಂದ ತಂದ ಗಂಜಿಯ ಡಬ್ಬಿಯನ್ನು ಪಕ್ಕದಲ್ಲಿಟ್ಟು, ಮಾಬ್ಲ ಬುಟ್ಟಿ ಎತ್ತಿಕೊಂಡ. ಅವತ್ತು ಭಟ್ಕಳದಿಂದಲೂ ಬೋಟುಗಳು ಬಂದು ಐಸಿಗೆ ಸಾಲು ನಿಂತಿದ್ದವು. ಮೊಣಕಾಲು ಬೇಡ ಬೇಡ ಎಂದರೂ ಕೇಳದೆ ಅವನು ಸಂಜೆಯ ತನಕ ಹೊತ್ತ. ಭಾಸ್ಕರ ಎರಡು ಸಲ ಬಂದು, ಮಲಗಿದ್ದವನನ್ನೂ ಹೊರುತ್ತಿದ್ದವನನ್ನೂ ನೋಡಿ, ತಲೆ ಕೆರೆದುಕೊಂಡು ಒಳಗೆ ಹೋದ.

ಪಾಳಿ ಮುಗಿದ ಮೇಲೆ ದಾಸನನ್ನು ಎಬ್ಬಿಸಿ ಮತ್ತೆ ಯಂತ್ರದ ಎದುರು ನಿಲ್ಲಿಸಬೇಕಾಯಿತು. ದಾಸ ಅರೆಗಣ್ಣಿನಲ್ಲಿ ಮುಖ ಹಿಡಿದ. ಯಂತ್ರ ಅವನ ಹೆಸರನ್ನು ದೊಡ್ಡದಾಗಿ ತೋರಿಸಿ, ಹೆಣ್ಣುದನಿಯಲ್ಲಿ ಥ್ಯಾಂಕ್ಯೂ ಎಂದಿತು.

ಹಿಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ ಮಾಬ್ಲ ಯಂತ್ರಕ್ಕೆ, "ಆತು, ಅಡ್ಡಿಲ್ಲ," ಎಂದ.